ರಾಷ್ಟ್ರಪತಿಯ ರಕ್ಷಣೆಗೆ ಗೆರೆ ಎಲ್ಲಿ? ಮೂಟ್ ವಾದ ಕಟ್ಟುವ ಬಗೆ

ಮಂಗಳೂರು, ಉಡುಪಿಯ ಕಾನೂನು ಕಾಲೇಜುಗಳ ಮೂಟ್ ಕೋರ್ಟಿನಲ್ಲಿ (ವಿದ್ಯಾರ್ಥಿಗಳು ವಾದ ಮಂಡಿಸುವ ಅಣಕು ನ್ಯಾಯಾಲಯದಲ್ಲಿ) ರಾಷ್ಟ್ರಪತಿಯ ವಿಶೇಷ ರಕ್ಷಣೆಯ ಪ್ರಶ್ನೆ ಸಿಕ್ಕಿದರೆ ಮೊದಲು ಮೂರು ಹಾಳೆ ತೆಗೆದುಕೊಳ್ಳಿ. ಒಂದಕ್ಕೆ ‘ವ್ಯಕ್ತಿ’, ಒಂದಕ್ಕೆ ‘ಆದೇಶ’, ಮತ್ತೊಂದಕ್ಕೆ ‘ಕಡತ’ ಎಂದು ಹೆಸರಿಡಿ. ಪ್ರಶ್ನೆಯ ಪ್ರತಿ ಸಂಗತಿಯೂ ಇವುಗಳಲ್ಲೊಂದಕ್ಕೆ ಹೋಗಬೇಕು. ಮೂರನ್ನೂ ಕಲಸಿದ ವಾದ ನ್ಯಾಯಪೀಠದ ಎರಡನೇ ಪ್ರಶ್ನೆಗೇ ಕುಸಿಯುತ್ತದೆ.

ವ್ಯಕ್ತಿಯ ಹಾಳೆ ಬೇಗ ಮುಗಿಯುತ್ತದೆ. ಸಂವಿಧಾನದ 361ನೇ ವಿಧಿಯಂತೆ, ಚಲಾಯಿಸಿದ ಅಧಿಕಾರದ ಬಗ್ಗೆ ರಾಷ್ಟ್ರಪತಿ ಯಾವ ನ್ಯಾಯಾಲಯಕ್ಕೂ ಉತ್ತರ ಕೊಡಬೇಕಿಲ್ಲ. ಅಧಿಕಾರಾವಧಿಯಲ್ಲಿ ಕ್ರಿಮಿನಲ್ ಮೊಕದ್ದಮೆಯೂ ಇಲ್ಲ, ಬಂಧನವೂ ಇಲ್ಲ. ಖಾಸಗಿ ವ್ಯವಹಾರದ ಸಿವಿಲ್ ದಾವೆ ಹೂಡಬಹುದು, ಆದರೆ ಎರಡು ತಿಂಗಳು ಮೊದಲೇ ಲಿಖಿತ ನೋಟಿಸ್ ಕೊಟ್ಟಿರಬೇಕು. ಸಿಪಿಸಿಯ (ಸಿವಿಲ್ ಪ್ರಕ್ರಿಯಾ ಸಂಹಿತೆಯ) 80ನೇ ಕಲಂನ ನೋಟಿಸಿಗೂ ಎರಡೇ ತಿಂಗಳಾದ್ದರಿಂದ ಹಲವರು ಅದನ್ನೇ ಇಲ್ಲಿ ತೋರಿಸುತ್ತಾರೆ. ಅದು ಸರ್ಕಾರಕ್ಕೂ ಸರ್ಕಾರಿ ಅಧಿಕಾರಿಗಳಿಗೂ ಕೊಡುವಂಥದ್ದು, ಬೇರೆಯೇ ನೋಟಿಸ್.

ನಿಜವಾದ ಕೆಲಸವಿರುವುದು ಆದೇಶದ ಹಾಳೆಯಲ್ಲಿ. ಪ್ರತಿವಾದಿಯಾಗಿ ರಾಷ್ಟ್ರಪತಿಯನ್ನು ಹೆಸರಿಸಬೇಡಿ, ಯೂನಿಯನ್ ಆಫ್ ಇಂಡಿಯಾ ಎಂದು ಬರೆಯಿರಿ. ರಕ್ಷಣೆ ಇರುವುದು ಸಹಿ ಹಾಕಿದವರಿಗೆ. ಆದೇಶವನ್ನು ಸಮರ್ಥಿಸಿಕೊಳ್ಳುವ ಹೊಣೆ ಸರ್ಕಾರದ್ದು. 361ನೇ ವಿಧಿ ರಾಜ್ಯಪಾಲರಿಗೂ ಅನ್ವಯಿಸುತ್ತದೆ: 2006ರ ರಾಮೇಶ್ವರ ಪ್ರಸಾದ್ ತೀರ್ಪಿನಲ್ಲಿ ಅವರ ರಕ್ಷಣೆ ಹಾಗೇ ಉಳಿಯಿತು, ಬಿಹಾರ ವಿಧಾನಸಭೆಯ ವಿಸರ್ಜನೆ ಮಾತ್ರ ಅಸಾಂವಿಧಾನಿಕವಾಯಿತು. ಕ್ಷಮಾದಾನದ ಪ್ರಶ್ನೆಯಾದರೆ 2006ರ ಏಪುರು ಸುಧಾಕರ್ ತೀರ್ಪು ಹಿಡಿಯಿರಿ, ಆದೇಶವನ್ನು ಪ್ರಶ್ನಿಸಲು ಅಲ್ಲಿರುವ ಆಧಾರಗಳು ಇವು: ದುರುದ್ದೇಶ, ಅಪ್ರಸ್ತುತ ಕಾರಣ, ಮುಖ್ಯ ದಾಖಲೆಯ ಕಡೆಗಣನೆ, ಮನಸೋಇಚ್ಛೆ ತೀರ್ಮಾನ. ದಯೆ ತೋರಬೇಕಿತ್ತೇ ಎಂದು ತೂಗಲು ನ್ಯಾಯಾಲಯವನ್ನು ಕೇಳಿದಿರೋ, ಅಲ್ಲಿಗೆ ಕೆಟ್ಟಿತು.

ದಕ್ಷಿಣ ಕನ್ನಡ, ಉಡುಪಿಯಿಂದ ಹೈಕೋರ್ಟಿಗೆ ರಿಟ್ ಅರ್ಜಿ ಹಾಕುವ ಪ್ರಶ್ನೆಯಿದ್ದರೆ ಶೀರ್ಷಿಕೆಯಲ್ಲಿ ಬೆಂಗಳೂರಿನ ಪ್ರಧಾನ ಪೀಠವೇ ಇರಲಿ. ಧಾರವಾಡ, ಕಲಬುರಗಿ ಪೀಠಗಳ ವ್ಯಾಪ್ತಿಗೆ ನಮ್ಮ ಜಿಲ್ಲೆಗಳು ಸೇರುವುದಿಲ್ಲ, ಘಾಟಿ ಹತ್ತಲೇಬೇಕು.

ಕಡತದಲ್ಲಿ ಎರಡು ಪದರ. ಮಂತ್ರಿಮಂಡಲ ಕೊಟ್ಟ ಸಲಹೆ ಏನೆಂದು 74(2)ನೇ ವಿಧಿಯಂತೆ ವಿಚಾರಿಸುವಂತಿಲ್ಲ. ಸಲಹೆಗೆ ಆಧಾರವಾದ ವರದಿ, ಪತ್ರಗಳು ಸಲಹೆಯ ಭಾಗವಲ್ಲ, ಅವನ್ನು ತರಿಸಿ ನೋಡಬಹುದು ಎಂದಿತು ರಾಷ್ಟ್ರಪತಿ ಆಳ್ವಿಕೆ ಕುರಿತ 1994ರ ಬೊಮ್ಮಾಯಿ ತೀರ್ಪಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ. ಹಾಗಾಗಿ ‘ಇಡೀ ಕಡತ ಬೇಕು’ ಎನ್ನಬೇಡಿ, ಒಂದೊಂದು ದಾಖಲೆಯನ್ನೂ ಹೆಸರಿಸಿ ಕೇಳಿ. ಸರ್ಕಾರ ಗೌಪ್ಯತೆ ಹೇಳಿದರೆ ಅಫಿಡವಿಟ್ ತಿರುವಿ ನೋಡಿ: ಮಂತ್ರಿ ಅಥವಾ ಇಲಾಖೆಯ ಮುಖ್ಯಸ್ಥರೇ ಕೊಟ್ಟಿದ್ದಾರೆಯೇ, ದಾಖಲೆ ಓದಿದ್ದಾರೆಯೇ, ಹೊರಬಿದ್ದರೆ ಸಾರ್ವಜನಿಕ ಹಿತಕ್ಕೆ ಏನು ಹಾನಿ ಎಂದಿದ್ದಾರೆಯೇ? 2024ರ ಜುಲೈ 1ರಿಂದ ಸಾಕ್ಷ್ಯ ಕಾಯ್ದೆಯ 123ನೇ ಕಲಂ ಬದಲು ಭಾರತೀಯ ಸಾಕ್ಷ್ಯ ಅಧಿನಿಯಮದ 129ನೇ ಕಲಂ ಉಲ್ಲೇಖಿಸಿ. ಅದೇ ಅಧಿನಿಯಮದ 165ನೇ ಕಲಂನ ಪರಂತುಕವನ್ನೂ (ಷರತ್ತನ್ನೂ) ಎದುರಾಳಿ ಎತ್ತುತ್ತಾರೆ: ಮಂತ್ರಿಗಳಿಗೂ ರಾಷ್ಟ್ರಪತಿಗೂ ನಡುವಿನ ಪತ್ರವ್ಯವಹಾರವನ್ನು ಹಾಜರುಪಡಿಸಲು ಹೇಳುವಂತಿಲ್ಲ.

ಅಮೆರಿಕದ ಅಧ್ಯಕ್ಷ ನಿಕ್ಸನ್ ಪ್ರಕರಣವನ್ನು (1974, 8–0 ಬಹುಮತ) ಕೊನೆಗಿಡಿ. ಗೌಪ್ಯತೆಯ ಹಕ್ಕು ಉಂಟು, ಆದರೆ ಕ್ರಿಮಿನಲ್ ವಿಚಾರಣೆಗೆ ನಿರ್ದಿಷ್ಟವಾಗಿ ಬೇಕಾದ ಸಾಕ್ಷ್ಯದ ಮುಂದೆ ಅದು ಮಣಿಯಬೇಕು ಎಂಬ ತತ್ವಕ್ಕಷ್ಟೇ ಅದು, ಇಲ್ಲಿ ಬದ್ಧವಲ್ಲ. ಅಧ್ಯಕ್ಷರಿಗೆ ಕ್ರಿಮಿನಲ್ ಮೊಕದ್ದಮೆಯಿಂದ ಇರುವ ರಕ್ಷಣೆ ಕುರಿತ 2024ರ ಟ್ರಂಪ್ ತೀರ್ಪು ವ್ಯಕ್ತಿಯ ಹಾಳೆಗೆ ಸೇರಿದ್ದು, ಕಡತಕ್ಕಲ್ಲ.

ಇನ್ನು ಪ್ರಾರ್ಥನೆ, ಅಂದರೆ ನ್ಯಾಯಾಲಯದಿಂದ ಕೇಳುವ ಪರಿಹಾರ. ಕರ್ನಾಟಕದಲ್ಲಿ ಬೊಮ್ಮಾಯಿ ಸರ್ಕಾರ ವಜಾ ಆದದ್ದು 1989ರ ಏಪ್ರಿಲ್ 21ರಂದು. ಅದು ತಪ್ಪೆಂದು ತೀರ್ಪು ಬರುವಷ್ಟರಲ್ಲಿ ಹೊಸ ಚುನಾವಣೆ ಮುಗಿದು ವರ್ಷಗಳೇ ಕಳೆದಿದ್ದವು. ಬಿಹಾರದಲ್ಲೂ ಹಳೆಯ ಸಭೆ ಮರಳಲಿಲ್ಲ. ಆದ್ದರಿಂದ ವಿಸರ್ಜನೆಯ ಪ್ರಶ್ನೆಯಲ್ಲಿ ಹೊಸ ಚುನಾವಣೆಗೆ ಮಧ್ಯಂತರ ತಡೆಯನ್ನು ಮೊದಲ ದಿನವೇ ಕೇಳಿ.