ಇನ್ನೋವಾ: ಹಳೆಯದಾ, ಹೊಸದಾ?

ಇನ್ನೋವಾ ತಗೊಳ್ಳೋ ಯೋಚನೆ ಇದ್ದವರಿಗೆ ಒಂದು ಮಾತು. 2005ರ ಮೊದಲ ಇನ್ನೋವಾ, 2016ರ ಕ್ರಿಸ್ಟಾ ಎರಡೂ ಲ್ಯಾಡರ್ ಫ್ರೇಮ್ ಗಾಡಿಗಳು, ಅಂದ್ರೆ ಏಣಿಯಂಥ ಉಕ್ಕಿನ ಚೌಕಟ್ಟಿನ ಮೇಲೆ ಬಾಡಿ ಕೂರಿಸಿರೋದು. ಎಂಜಿನ್ ಬಲ ಹೋಗುವುದು ಹಿಂದಿನ ಚಕ್ರಗಳಿಗೆ. ಏಳು ಜನ, ಲಗೇಜು, ಘಾಟಿ ರಸ್ತೆ ಅಂದ್ರೆ ನನಗೆ ಈಗಲೂ ಡೀಸೆಲ್ ಕ್ರಿಸ್ಟಾನೇ ಇಷ್ಟ.

2022ರ ಕೊನೆಯಲ್ಲಿ ಬಂದ ಹೈಕ್ರಾಸ್ ಹೆಸರಿಗಷ್ಟೇ ಇನ್ನೋವಾ! ಮೊನೊಕಾಕ್ ಬಾಡಿ (ಬಾಡಿ, ಚೌಕಟ್ಟು ಎರಡೂ ಒಂದೇ), ಫ್ರಂಟ್ ವೀಲ್ ಡ್ರೈವ್, ಡೀಸೆಲ್ ಇಲ್ಲವೇ ಇಲ್ಲ. ಸಿಟಿ ಟ್ರಾಫಿಕ್ಕಿನಲ್ಲೇ ಜಾಸ್ತಿ ಓಡಿಸುವವರಿಗೆ ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ ಮೋಟರೂ ಇರುವ ಅದರ ಹೈಬ್ರಿಡ್ ಒಳ್ಳೆಯದು.

ಸೆಕೆಂಡ್ ಹ್ಯಾಂಡ್ ಆದರೆ ಸುಮ್ನೆ ಮೀಟರ್ ನಂಬಬೇಡಿ. ಮೊದಲು ಹಳದಿ ಬೋರ್ಡ್ ಇತ್ತಾ ಅಂತ ವಿಚಾರಿಸಿ, ಸರ್ವಿಸ್ ದಾಖಲೆ ಕೇಳಿ. ಅಂದಹಾಗೆ, ಟೆಸ್ಟ್ ಡ್ರೈವ್‌ಗೆ ಮನೆಯ ಅಜ್ಜಿಯನ್ನೂ ಕರೆದುಕೊಂಡು ಹೋಗಿ. ಹತ್ತಿ ಇಳಿಯುವ ಕಷ್ಟ ಅವರೇ ಹೇಳುತ್ತಾರೆ.