ವಾಟರ್ ಪಾರ್ಕ್‌ಗೆ ಹೊರಡುವ ಮೊದಲು ಮಗುವಿನ ಎತ್ತರ ಅಳೆಯಿರಿ

ಹೋದ ಭಾನುವಾರ ಮನೆಯವರೆಲ್ಲ ವಾಟರ್ ಪಾರ್ಕ್‌ಗೆ ಹೋಗಿದ್ದೆವು. ಚಿಕ್ಕ ಮಗಳು ವಾರದಿಂದ ಅದೇ ಜಪ ಮಾಡುತ್ತಿದ್ದಳು. ದೊಡ್ಡ ಸ್ಲೈಡ್‌ನ ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತು ಮೇಲೆ ಹತ್ತಿದರೆ, ಎತ್ತರ ಸಾಲದು ಎಂದು ವಾಪಸ್ ಕಳಿಸಿದರು. ಅವಳು ಅತ್ತುಕೊಂಡು ಮೆಟ್ಟಿಲು ಇಳಿದದ್ದು ಇನ್ನೂ ಕಣ್ಣ ಮುಂದೆ ಇದೆ.

ಅದಕ್ಕೇ ಹೇಳುತ್ತಿದ್ದೇನೆ. ಟಿಕೆಟ್ ತೆಗೆಯುವ ಮೊದಲು ಮನೆಯಲ್ಲೇ ಮಗುವನ್ನು ಗೋಡೆಗೆ ನಿಲ್ಲಿಸಿ, ಚಪ್ಪಲಿ ಇಲ್ಲದೆ ಅಳೆಯಿರಿ. ಹಲವು ಕಡೆ ದೊಡ್ಡ ಸ್ಲೈಡ್‌ಗಳಿಗೆ ಸುಮಾರು 120 ಸೆಂಟಿಮೀಟರ್ ಕೇಳುತ್ತಾರೆ. ಈ ನಿಯಮ ಸುಮ್ನೆ ಮಾಡಿದ್ದಲ್ಲ, ಮಗುವಿನ ಸುರಕ್ಷತೆಗೇ ಇರುವುದು. ಸಿಬ್ಬಂದಿ ಜೊತೆ ವಾದ ಬೇಡ. ಸಾಲಿಗೆ ಸೇರುವ ಮುಂಚೆಯೇ ಅಳತೆಯ ಬೋರ್ಡ್ ಹುಡುಕಿ.

ಹಿಂದಿನ ದಿನ ಒಂದು ಫೋನ್ ಮಾಡಿ, ಯಾವ ಸ್ಲೈಡ್ ರಿಪೇರಿಯಲ್ಲಿದೆ ಎಂದು ಕೇಳಿ. ನಾವು ಹೋದಾಗ ಅಲೆಗಳ ಕೊಳವೂ ಬಂದ್! ಗುಡುಗು ಮಿಂಚು ಬಂದರೆ ಎಲ್ಲರನ್ನೂ ನೀರಿನಿಂದ ಹೊರಗೆ ಕಳಿಸಬೇಕಾಗುತ್ತದೆ. ಆಗ ಹಣ ವಾಪಸ್ ಕೊಡುತ್ತಾರಾ ಅಂತಲೂ ಕೇಳಿಬಿಡಿ.

ಇನ್ನೊಂದು ಮಾತು. ಕ್ಲೋರಿನ್ ವಾಸನೆ ಜಾಸ್ತಿ ಇದ್ದರೆ ನೀರು ಶುದ್ಧ ಎಂದು ನಾನೂ ಅಂದುಕೊಂಡಿದ್ದೆ. ಬೆವರು, ಮೂತ್ರ ಕ್ಲೋರಿನ್ ಜೊತೆ ಸೇರಿದಾಗಲೇ ಆ ಘಾಟು ಬರುವುದು, ಕಣ್ಣು ಉರಿಯುವುದೂ ಅದರಿಂದಲೇ. ಮಕ್ಕಳನ್ನು ಗಂಟೆಗೊಮ್ಮೆ ಟಾಯ್ಲೆಟ್‌ಗೆ ಕರೆದುಕೊಂಡು ಹೋಗಿ. ಸನ್‌ಸ್ಕ್ರೀನ್ 2 ಗಂಟೆಗೊಮ್ಮೆ ಮತ್ತೆ ಹಚ್ಚಿ.