ಹೈಬ್ರಿಡ್ ಬೀಜದಲ್ಲಿ ಕಂಡ ಹೊಸ ಗೆರೆ

ಟೊಮೆಟೊ ಹೈಬ್ರಿಡ್ ಒಂದನ್ನೂ ಅದರ ತಾಯಿ, ತಂದೆ ತಳಿಗಳನ್ನೂ ಅಕ್ಕಪಕ್ಕ ಇಟ್ಟು ಬೀಜದ ಪ್ರೋಟೀನುಗಳನ್ನು ಜೆಲ್‌ನಲ್ಲಿ (ವಿದ್ಯುತ್ ಹರಿಸಿ ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಗೆರೆಗಳಾಗಿ ಬೇರ್ಪಡಿಸುವ ಲೋಳೆಯಂಥ ಹಾಳೆ) ನೋಡಿದ ಮೊದಲ ಸಲವೇ ನಾನು ಮೋಸಹೋದೆ. ಹೈಬ್ರಿಡ್‌ನ ಸಾಲಿನಲ್ಲಿ, ಕೆಳಭಾಗದಲ್ಲಿ, ಸಣ್ಣದೊಂದು ನೀಲಿ ಗೆರೆ ಇತ್ತು. ತಾಯಿಯಲ್ಲಿ ಇಲ್ಲ, ತಂದೆಯಲ್ಲೂ ಇಲ್ಲ. ತಾಯಿ, ತಂದೆಗಿಂತ ಹುಲುಸಾಗಿ ಬೆಳೆಯುವ ಹೈಬ್ರಿಡ್ ಹುರುಪಿನ ಗುಟ್ಟೇ ಕೈಗೆ ಸಿಕ್ಕಿತೆಂದು ಹಿಗ್ಗಿದೆ.

ಮೂರೂ ಬಗೆಯ ಬೀಜಗಳನ್ನು ಒಂದೇ ಹೊತ್ತಿಗೆ ಒದ್ದೆ ಕಾಗದದ ಮೇಲೆ ಹಾಕಿ, ಮೂರನೆಯ ದಿನ ಒಂದೇ ಗಂಟೆಗೆ ತೆಗೆದು ಅರೆದಿದ್ದೆ. ಅರೆಯುವ ಮೊದಲು ತೆಗೆದಿದ್ದ ಫೋಟೊವನ್ನು ಆಮೇಲೆ ನೋಡಿದಾಗ ತಪ್ಪು ಹೊಳೆಯಿತು: ಹೈಬ್ರಿಡ್ ಬೀಜಗಳಲ್ಲಿ ಬಿಳಿಯ ಬೇರಿನ ತುದಿ ಹೊರಬಂದಿತ್ತು, ಉಳಿದ ಎರಡರಲ್ಲಿ ಸಿಪ್ಪೆ ಇನ್ನೂ ಬಿರಿದಿರಲಿಲ್ಲ. ಮೊಳೆಯುವಾಗ ಬೀಜ ತನ್ನ ಸಂಗ್ರಹದ ಪ್ರೋಟೀನನ್ನು ತುಂಡರಿಸಿ ಬಳಸಿಕೊಳ್ಳುತ್ತದೆ; ಕೆಳಗೆ ಕಂಡ ಸಣ್ಣ ಗೆರೆ ಅಂಥ ತುಂಡಿನದು. ನಾನು ಹೋಲಿಸಿದ್ದು ತಳಿಗಳನ್ನಲ್ಲ, ಮೊಳಕೆಯ ಹಂತಗಳನ್ನು. ಗಡಿಯಾರ ಬಿಟ್ಟು, ಬೇರು ಎರಡು ಮಿಲಿಮೀಟರ್ ಚಾಚಿದ ಬೀಜಗಳನ್ನಷ್ಟೇ ಆರಿಸಿದೆ. ಗೆರೆ ಮೂರರಲ್ಲೂ ಬಂತು!

ಅಂದಿನಿಂದ ತಳಿ ಗುರುತಿಸಲು ಮೊಳೆಯದ ಬೀಜವನ್ನೇ ಬಳಸುತ್ತೇನೆ. ಸಿಪ್ಪೆಯನ್ನು ಮೊದಲು ಬಿಡಿಸಬೇಕು, ಏಕೆಂದರೆ ಅದು ಪೂರ್ತಿ ತಾಯಿ ಗಿಡದ್ದು. ಒಂದೊಂದೇ ಬೀಜವನ್ನು ಅರೆದು, ಪ್ರೋಟೀನಿನ ಮಡಿಕೆ ಬಿಡಿಸುವ ಎಸ್‌ಡಿಎಸ್ ಎಂಬ ಮಾರ್ಜಕ ಇರುವ ದ್ರಾವಣದಲ್ಲಿ ಕುದಿಸಿ, ಶೇ. 12ರ ಜೆಲ್‌ನಲ್ಲಿ ಓಡಿಸಿ, ಕೂಮಾಸಿ ನೀಲಿ ಬಣ್ಣ ಹಾಕುತ್ತೇನೆ. ಜೆಲ್ ಮಾಡುವ ಅಕ್ರಿಲಮೈಡ್ ಗಟ್ಟಿಯಾಗುವ ಮುನ್ನ ನರಗಳಿಗೆ ವಿಷ, ಕೈಗವಸು ಕಡ್ಡಾಯ. ಮಾದರಿ ಹಾಕಲು ಜೆಲ್‌ನಲ್ಲಿರುವ ಪ್ರತಿ ಗುಂಡಿಗೂ ಸಮತೂಕದ ಪ್ರೋಟೀನು ಬೀಳದಿದ್ದರೆ ಗೆರೆ ದಪ್ಪವೋ ತೆಳುವೋ ಎಂಬ ಮಾತಿಗೆ ಬೆಲೆಯಿಲ್ಲ.

ದಪ್ಪದ ವಿಷಯದಲ್ಲೂ ಒಂದು ಸೂಕ್ಷ್ಮವಿದೆ. ಹೈಬ್ರಿಡ್‌ನಲ್ಲಿ ಇಬ್ಬರ ಗೆರೆಗಳೂ ಇರುತ್ತವೆ, ಆದರೆ ತಾಯಿಯದು ಹೆಚ್ಚು ಗಾಢವಾಗಿ ಕಾಣುವುದುಂಟು. ಭ್ರೂಣದಲ್ಲಿ ಇಬ್ಬರದೂ ಸಮಪಾಲು. ಅದನ್ನು ಸುತ್ತಿದ ಆಹಾರ ಅಂಗಾಂಶದಲ್ಲಿ ಮಾತ್ರ ತಾಯಿಯ ಪಾಲು ಎರಡು, ತಂದೆಯದು ಒಂದು. ತಾಯಿ, ತಂದೆಯನ್ನು ಅದಲುಬದಲು ಮಾಡಿ ಸಂಕರಿಸಿದಾಗ ಗಾಢತೆಯೂ ಅದಲುಬದಲಾಗಿದ್ದನ್ನು ನೋಡಿದ ಮೇಲೆಯೇ ನನಗೆ ನಂಬಿಕೆ ಬಂದದ್ದು.

ಹಿಡಿ ಬೀಜವನ್ನು ಒಟ್ಟಿಗೆ ಅರೆದರೆ ಕೆಲಸ ಬೇಗ ಮುಗಿಯುತ್ತದೆ, ನಿಜ. ಆದರೆ ರಾಣೆಬೆನ್ನೂರಿನ ಕಡೆ ಹೈಬ್ರಿಡ್ ಬೀಜ ಮಾಡುವವರು ಮೊಗ್ಗಿನಿಂದ ಕೇಸರಗಳನ್ನು ಒಂದೊಂದಾಗಿ ಕೈಯಲ್ಲೇ ಕಿತ್ತು, ಆಮೇಲೆ ತಂದೆಯ ಪರಾಗ ಮುಟ್ಟಿಸುತ್ತಾರೆ. ಒಂದು ಹೂವು ಕಣ್ತಪ್ಪಿದರೂ ಅದರ ಕಾಯಿಯಲ್ಲಿ ತಾಯಿಯದೇ ಬೀಜ; ಒಟ್ಟಿಗೆ ಅರೆದರೆ ಅದು ಮರೆಯಾಗುತ್ತದೆ. ಹತ್ತು ಗುಂಡಿಯ ಜೆಲ್‌ನಲ್ಲಿ ತೂಕ ಗೊತ್ತಿರುವ ಪ್ರೋಟೀನುಗಳ ಅಳತೆಗೋಲಿಗೆ ಒಂದು, ತಾಯಿ, ತಂದೆಗೆ ಒಂದೊಂದು, ಉಳಿದ ಏಳರಲ್ಲಿ ಏಳು ಬೀಜ. ಕಳೆದ ಬಾರಿ ಐದನೆಯ ಬೀಜದಲ್ಲಿ ತಂದೆಯ ಗೆರೆ ಇರಬೇಕಾದ ಜಾಗ ಖಾಲಿಯಿತ್ತು.